ಮುದ್ರೆ, ಬಿಲ್ಟಿ ಮತ್ತು ಅಚೌರ್ಯ: ಸಾಗುವ ಸರಕಿನ ರಕ್ಷಣೆಯ ಇತಿಹಾಸ

ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಐದು ಅತಿಚಾರಗಳನ್ನು ಹೇಳುತ್ತದೆ. ಕಳವಿಗೆ ಪ್ರೇರಣೆ ನೀಡುವುದು, ಕದ್ದ ಸರಕನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ಅಳತೆ-ತೂಕಗಳಲ್ಲಿ ಮೋಸ ಮಾಡುವುದು, ಒಂದರ ಹೆಸರಿನಲ್ಲಿ ಅದನ್ನೇ ಹೋಲುವ ಇನ್ನೊಂದನ್ನು ನಡೆಸುವುದು. ಈ ಕೊನೆಯದಕ್ಕೆ ಪ್ರತಿರೂಪಕ ವ್ಯವಹಾರವೆಂದು ಹೆಸರು. ನೇರವಾಗಿ ಕದಿಯದ ವ್ಯಾಪಾರಿಯೂ ಎಡವಬಹುದಾದ ಸ್ಥಳಗಳಿವು. ಸರಕು ಸಾಗಣೆಯ ಇತಿಹಾಸವನ್ನು ಅವಲೋಕಿಸಿದರೆ ಅಲ್ಲಿಯ ವಂಚನೆಗಳೆಲ್ಲ ಬಹುಮಟ್ಟಿಗೆ ಈ ಐದರಲ್ಲಿಯೇ ಅಡಕವಾಗಿರುವುದು ಕಂಡುಬರುತ್ತದೆ.

ಈ ವಿಷಯವನ್ನು ನಾನು ಗ್ರಂಥಕ್ಕಿಂತ ಮೊದಲು ಅಂಗಡಿಯಲ್ಲಿ ಕಲಿತೆ. 1984ರಲ್ಲಿ ಹುಬ್ಬಳ್ಳಿಯ ನಮ್ಮ ಉಗ್ರಾಣದಿಂದ ಒಣಮೆಣಸಿನಕಾಯಿಯ 80 ಚೀಲಗಳು ಮುಂಬಯಿಗೆ ಹೋಗಬೇಕಾಗಿದ್ದವು. ನಮಗೆ ಪರಿಚಿತವಾದ ಸಾಗಣೆ ಸಂಸ್ಥೆಯ ಹೆಸರು ಅಚ್ಚಾಗಿದ್ದ ಪತ್ರವನ್ನು ಹಿಡಿದು ಒಬ್ಬನು ಲಾರಿ ತಂದನು. ಪತ್ರ ಸರಿಯಾಗಿಯೇ ಕಾಣುತ್ತಿತ್ತು. ಆ ಸಂಸ್ಥೆಯ ಕಚೇರಿಗೆ ಆಳನ್ನು ಕಳಿಸಿ ವಿಚಾರಿಸಲು ಅರ್ಧ ಗಂಟೆ ಸಾಕಾಗುತ್ತಿತ್ತು. ನಾವು ವಿಚಾರಿಸಲಿಲ್ಲ. ಲಾರಿ ಮುಂಬಯಿಯನ್ನು ತಲುಪಲೇ ಇಲ್ಲ. ಬೀಗ ಮುರಿದಿರಲಿಲ್ಲ, ಯಾರ ಮೇಲೂ ಕೈಯೆತ್ತಿರಲಿಲ್ಲ. ಸರಕನ್ನು ನಾವೇ ನಮ್ಮ ಕೈಯಾರೆ ಹೇರಿಕೊಟ್ಟಿದ್ದೆವು.

ಪ್ರಾಚೀನರು ಈ ಅಪಾಯವನ್ನು ಅರಿಯದವರಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಪ್ರಕಾರ ಗಡಿಯ ಅಧಿಕಾರಿಯಾದ ಅಂತಪಾಲನು ಸರಕಿನ ಪ್ರತಿ ಹೇರಿಗೆ ಒಂದೂಕಾಲು ಪಣ ದಾರಿಸುಂಕವನ್ನು ಪಡೆಯುತ್ತಿದ್ದನು. ಅದಕ್ಕೆ ಪ್ರತಿಯಾಗಿ ದಾರಿಯಲ್ಲಿ ಕಳೆದುದನ್ನೂ ಕದ್ದುಹೋದುದನ್ನೂ ಅವನೇ ತುಂಬಿಕೊಡಬೇಕಾಗಿತ್ತು. ಕಾವಲಿನ ಹಣ ಪಡೆದವನ ಮೇಲೆಯೇ ನಷ್ಟದ ಹೊಣೆ ಎಂಬ ತತ್ತ್ವವಿದು. ಅಂತಪಾಲನು ಸರಕನ್ನು ಪರೀಕ್ಷಿಸಿ, ಮುದ್ರೆಯೊತ್ತಿ ಮುಂದಕ್ಕೆ ಕಳಿಸುತ್ತಿದ್ದನು. ಸುಂಕದ ಕಟ್ಟೆಯಲ್ಲಿ ನಾಲ್ಕೈದು ಮಂದಿ ಕುಳಿತು, ವರ್ತಕರು ಯಾರು, ಎಲ್ಲಿಯವರು, ಸರಕೆಷ್ಟು, ಮುದ್ರೆಯನ್ನು ಎಲ್ಲಿ ಒತ್ತಲಾಗಿದೆ ಎಂಬುದನ್ನು ಬರೆದುಕೊಳ್ಳಬೇಕಾಗಿತ್ತು. ಮುದ್ರೆಯಿಲ್ಲದ ಸರಕಿಗೆ ಸುಂಕದ ಎರಡು ಪಟ್ಟು ದಂಡ, ಕಳ್ಳ ಮುದ್ರೆಗೆ ಎಂಟು ಪಟ್ಟು. ನಿರ್ಲಕ್ಷ್ಯಕ್ಕಿಂತ ಪ್ರತಿರೂಪವನ್ನು ನಾಲ್ಕು ಪಟ್ಟು ಘೋರವೆಂದು ಎಣಿಸಿದ್ದು ಗಮನಾರ್ಹವಾಗಿದೆ.

ಅದೇ ಗ್ರಂಥದ ಮತ್ತೊಂದು ವಿಧಿಯಂತೆ ಹಳ್ಳಿಯಲ್ಲಿ ತಂಗುವ ಸಾರ್ಥದವರು ತಮ್ಮ ಸರಕಿನ ಮೌಲ್ಯವನ್ನು ಮೊದಲೇ ತಿಳಿಸಬೇಕು. ಹಾಗೆ ತಿಳಿಸಿದ ಬಳಿಕ ರಾತ್ರಿ ಕಳವಾದರೆ ಗ್ರಾಮದ ಒಡೆಯನು ತುಂಬಿಕೊಡಬೇಕು. ರಕ್ಷಣೆಯ ಹಕ್ಕು ಸತ್ಯವಾದ ಘೋಷಣೆಯಿಂದಲೇ ಹುಟ್ಟುತ್ತದೆ ಎಂಬುದು ಇದರ ತಾತ್ಪರ್ಯ. ಎರಡು ಸಾವಿರ ವರ್ಷಗಳಾದರೂ ಈ ತತ್ತ್ವ ಬದಲಾಗಿಲ್ಲ. ಬ್ರಿಟಿಷರ ಕಾಲದ 1865ರ ಸಾಗಣೆದಾರರ ಕಾಯ್ದೆಯಲ್ಲಿ, ಪಟ್ಟಿಮಾಡಿದ ಬೆಲೆಬಾಳುವ ವಸ್ತುಗಳ ಮೌಲ್ಯ 100 ರೂಪಾಯಿಯನ್ನು ಮೀರಿದ್ದರೆ, ಮೊದಲೇ ಘೋಷಿಸದ ಹೊರತು ಕಳೆದುಹೋದುದಕ್ಕೆ ಸಾಗಣೆದಾರನು ಸಾಮಾನ್ಯವಾಗಿ ಹೊಣೆಯಾಗುತ್ತಿರಲಿಲ್ಲ. ಅದರ ಸ್ಥಾನದಲ್ಲಿ ಬಂದ 2007ರ ಕಾಯ್ದೆಯಲ್ಲಿಯೂ ಹೆಚ್ಚಿನ ಮೌಲ್ಯವನ್ನು ಘೋಷಿಸದಿದ್ದರೆ ಪರಿಹಾರವು ಮಿತಿಗೊಳಗಾಗುತ್ತದೆ. ತೆರಿಗೆಯನ್ನುಳಿಸಲು ಬಿಲ್ಟಿಯಲ್ಲಿ ಬೆಲೆಯನ್ನು ಕುಗ್ಗಿಸಿ ಬರೆಯುವ ವರ್ತಕನು ರಾಜ್ಯದ ಕಟ್ಟಳೆಯನ್ನು ಮೀರುವುದಲ್ಲದೆ ತನ್ನ ರಕ್ಷಣೆಯನ್ನೂ ತಾನೇ ಕಳೆದುಕೊಳ್ಳುತ್ತಾನೆ.

ರಾಜನ ಕಾವಲು ತಲುಪದ ದೂರದ ದಾರಿಗಳಲ್ಲಿ ವರ್ತಕರು ಸಂಘವನ್ನೇ ಆಶ್ರಯಿಸಿದರು. ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆಯ ಐನೂರ್ವರು ತಮ್ಮದೇ ಕಾವಲಿನ ವೀರರನ್ನು ಇರಿಸಿಕೊಂಡಿದ್ದರು. 1088ರಲ್ಲಿ ಸುಮಾತ್ರಾ ದ್ವೀಪದ ಲೋಬು ತುವಾದಲ್ಲಿ ಕೊರೆಸಿದ ತಮಿಳು ಶಾಸನವು ಅವರ ವ್ಯಾಪ್ತಿಗೆ ಸಾಕ್ಷಿಯಾಗಿದೆ. ಇಷ್ಟು ದೂರದಲ್ಲಿ ವ್ಯವಹರಿಸುವವರಿಗೆ ಆಯುಧದಷ್ಟೇ ಅವಶ್ಯವಾದುದು ಇವನು ನಮ್ಮವನು ಎಂದು ಖಚಿತಪಡಿಸುವ ವ್ಯವಸ್ಥೆ. ಸಂಘದ ಬಣಂಜುಧರ್ಮಕ್ಕೆ ಬದ್ಧನಾದವನ ಮಾತಿಗೆ ಇಡೀ ಸಂಘದ ಮಾನವೇ ಒತ್ತೆಯಾಗಿತ್ತು.

ಪಶ್ಚಿಮ ಭಾರತದ ವರ್ತಕರು ಜೋಖಮಿ ಹುಂಡಿಯನ್ನು ಬಳಕೆಗೆ ತಂದರು. ವಾಣಿಜ್ಯ ಪದವಿ ಪಡೆದವರು ಪಠ್ಯದಲ್ಲಿ ಇದರ ಹೆಸರನ್ನು ಓದಿರಬಹುದು. ಸರಕು ಕಳಿಸಿದವನು ಅದನ್ನು ಪಡೆಯಬೇಕಾದವನ ಮೇಲೆ ಹುಂಡಿ ಬರೆದು, ಬೇರೊಬ್ಬನಿಗೆ ಮಾರಿ, ಹಣವನ್ನು ಮುಂಚಿತವಾಗಿಯೇ ಪಡೆಯುತ್ತಿದ್ದನು. ಸರಕು ಸುರಕ್ಷಿತವಾಗಿ ತಲುಪಿದರೆ ಮಾತ್ರ ಹುಂಡಿಗೆ ಹಣ. ಕಳೆದುಹೋದರೆ ನಷ್ಟ ಹುಂಡಿ ಕೊಂಡವನದು. ಒಂದೇ ಕಾಗದ ಸಾಲವೂ ಆಯಿತು, ವಿಮೆಯೂ ಆಯಿತು. ಹುಂಡಿ ಕೊಂಡವನಿಗೆ ಸರಕಿನ ಸುರಕ್ಷತೆಯಲ್ಲಿ ಸ್ವಾರ್ಥವಿದ್ದುದರಿಂದ ಸಹಜವಾಗಿಯೇ ಎರಡನೆಯ ಕಣ್ಣೊಂದು ಸರಕಿನ ಮೇಲಿರುತ್ತಿತ್ತು.

ಇಂದಿನ ಮುದ್ರೆ ಗಣಕಯಂತ್ರದಲ್ಲಿದೆ. ಆದುದರಿಂದ ಕಳ್ಳನೂ ಅಲ್ಲಿಗೇ ಹೋಗಿದ್ದಾನೆ. ಬೆಲ್ಜಿಯಂ ದೇಶದ ಆಂಟ್‌ವರ್ಪ್ ಬಂದರಿನಲ್ಲಿ 2011ರಿಂದ ಎರಡು ವರ್ಷಗಳ ಕಾಲ ಮಾದಕವಸ್ತುಗಳ ಸಾಗಣೆದಾರರು ಗಣಕ ನಿಪುಣರನ್ನು ಬಳಸಿಕೊಂಡು ಕಂಟೇನರುಗಳ ಬಿಡುಗಡೆಯ ಗುಪ್ತಸಂಖ್ಯೆಗಳನ್ನು ಕದ್ದರು. ಬಾಳೆಹಣ್ಣು ಮತ್ತು ಮರದ ದಿಮ್ಮಿಗಳ ನಡುವೆ ತಮ್ಮ ವಸ್ತುವನ್ನು ಅಡಗಿಸಿ, ನಿಜವಾದ ಒಡೆಯನು ಬರುವ ಮುನ್ನವೇ ತಮ್ಮ ಲಾರಿಯನ್ನು ಕಳಿಸುತ್ತಿದ್ದರು. ಹುಬ್ಬಳ್ಳಿಯಲ್ಲಿ ನಾನು ಕಂಡುದೂ ಇದೇ. ಉಪಕರಣ ಮಾತ್ರ ಬೇರೆ.

2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ವಿನಾಶಕ ತಂತ್ರಾಂಶವು ಮರ್ಸ್ಕ್ ಹಡಗು ಸಂಸ್ಥೆಯನ್ನು ಹೊಕ್ಕಿತು. ಮುಂಬಯಿ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಸಮೂಹ ನಡೆಸುತ್ತಿದ್ದ ಕಟ್ಟೆಯ ಕೆಲಸವೂ ಅಸ್ತವ್ಯಸ್ತವಾಯಿತು. 4,000 ಸರ್ವರುಗಳನ್ನೂ 45,000 ಗಣಕಯಂತ್ರಗಳನ್ನೂ ಹತ್ತು ದಿನಗಳಲ್ಲಿ ಹೊಸದಾಗಿ ಸಜ್ಜುಗೊಳಿಸಬೇಕಾಯಿತು. ಜಾಲದ ಮೂಲ ದಾಖಲೆಯ ಪ್ರತಿಗಳಲ್ಲಿ ಉಳಿದುದು ಘಾನಾ ದೇಶದ್ದು ಒಂದೇ. ವಿದ್ಯುತ್ ಕಡಿತದಿಂದ ಆ ಯಂತ್ರವು ಜಾಲದಿಂದ ಬೇರ್ಪಟ್ಟಿತ್ತು. ಖಾತೆಯ ಒಂದು ಪ್ರತಿಯನ್ನು ಬೇರೆ ಕಡೆ ಇರಿಸುವ ನಮ್ಮ ಹಿರಿಯರ ರೂಢಿಯ ಬೆಲೆ ಇದರಿಂದ ತಿಳಿಯುತ್ತದೆ.

ನಮ್ಮ ದೇಶದಲ್ಲಿ 2018ರ ಏಪ್ರಿಲ್ 1ರಿಂದ ಬಂದ ಇ-ವೇ ಬಿಲ್ ಒಂದರ್ಥದಲ್ಲಿ ಅಂತಪಾಲನ ಮುದ್ರೆಯೇ. ಆದರೆ ಮುದ್ರೆ ಎಷ್ಟೇ ಉತ್ತಮವಾದರೂ ಕೇಳಿ ಖಚಿತಪಡಿಸಿಕೊಳ್ಳುವ ಮನುಷ್ಯನು ಬೇಕು. ಬಸದಿಯ ಜೀರ್ಣೋದ್ಧಾರಕ್ಕೆ ಮಕ್ರಾನಾದಿಂದ ಅಮೃತಶಿಲೆ ತರಿಸುವ ಟ್ರಸ್ಟುಗಳು, ಬ್ಯಾಂಕಿನ ಖಾತೆ ಬದಲಾಗಿದೆ ಎಂಬ ಇ-ಮೇಲ್ ಬಂದೊಡನೆ ಸಮಾಜದ ಹಣವನ್ನು ಕಳಿಸಬಾರದು. ಅದೇ ಪತ್ರದಲ್ಲಿರುವ ಸಂಖ್ಯೆಗಲ್ಲ, ತಮ್ಮಲ್ಲಿ ಮೊದಲಿನಿಂದ ಇರುವ ದೂರವಾಣಿ ಸಂಖ್ಯೆಗೆ ಕರೆಮಾಡಿ ಕೇಳಬೇಕು. ಹಣ ಪಾವತಿಗೆ ಇಬ್ಬರ ಒಪ್ಪಿಗೆ ಇರಬೇಕು. ಲಾರಿಯ ಸಂಖ್ಯೆಯನ್ನೂ ಚಾಲಕನ ಗುರುತನ್ನೂ ಸಾಗಣೆ ಕಚೇರಿಯಿಂದಲೇ ತಿಳಿದು ಹೋಲಿಸಬೇಕು. ಹೀಗೆ ಕೇಳುವುದು ಅಪನಂಬಿಕೆಯಲ್ಲ. ಪ್ರಾಮಾಣಿಕನ ಹೆಸರನ್ನು ಕಳ್ಳನು ಬಳಸದಂತೆ ಕಾಯುವುದಾಗಿದೆ.

ಕೊನೆಯಲ್ಲಿ ಒಂದು ಮಾತನ್ನು ಹೇಳದೆ ಮುಗಿಸಲಾರೆ. ನಮ್ಮ ಮೆಣಸಿನಕಾಯಿಯನ್ನು ಯಾರೋ ಒಬ್ಬ ವರ್ತಕನು ಬಿಲ್ಟಿಯನ್ನು ಕೇಳದೆ ಅಗ್ಗಕ್ಕೆ ಕೊಂಡಿರಲೇಬೇಕು. ಬಹುಕಾಲ ಅವನನ್ನು ಮನಸ್ಸಿನಲ್ಲಿ ಶಪಿಸಿದೆ. ಆಮೇಲೆ ನೆನಪಾಯಿತು: ಆ ಘಟನೆಗೆ ಎರಡು ವರ್ಷ ಮೊದಲು ನಾನೂ ಹತ್ತಿಯ ಮೂರು ಬೇಲುಗಳನ್ನು ಪೇಟೆಯ ದರಕ್ಕಿಂತ ಬಹಳ ಕಡಿಮೆಗೆ, ಎಲ್ಲಿಂದ ಬಂದುವೆಂದು ಕೇಳದೆ ಕೊಂಡಿದ್ದೆ. ಅವು ಕದ್ದವೋ ಅಲ್ಲವೋ ಇಂದಿಗೂ ತಿಳಿಯದು. ತಿಳಿಯದಂತೆ ನೋಡಿಕೊಂಡವನು ನಾನೇ. ಕೊಳ್ಳುವವನಿಲ್ಲದಿದ್ದರೆ ದಾರಿಗಳ್ಳನಿಗೆ ಸರಕು ಬರಿಯ ಹೊರೆ. ಎರಡನೆಯ ಅತಿಚಾರವನ್ನು ತೊರೆಯುವುದರಿಂದಲೇ ಐದನೆಯದರ ಬೇರು ಒಣಗುತ್ತದೆ. ಸರಕಿನ ಮೊದಲ ಕಾವಲುಗಾರನು ಕೊಳ್ಳುವ ನಾವೇ.