ಕುದುರೆಯ ಬಾಲ ಮತ್ತು ಅಪ್ಪಯ್ಯನ ಮಾರುತಿ

2024ರ ಮೇ ತಿಂಗಳು. ಹೊನ್ನಾವರದ ಆರ್‌ಟಿಓ ಕಚೇರಿ ಎದುರು ಅಪ್ಪಯ್ಯನ ಬಿಳಿ ಮಾರುತಿ 800 ನಿಂತಿತ್ತು. 2004ರ ಮಾಡೆಲ್. ಹದಿನೈದು ವರ್ಷ ತುಂಬಿದಾಗ, ಅಂದರೆ 2019ರಲ್ಲಿ, ಒಮ್ಮೆ ನೋಂದಣಿ ನವೀಕರಣ ಆಗಿತ್ತು. ಆಗ ಶುಲ್ಕ 600 ರೂಪಾಯಿ. 2022ರ ಏಪ್ರಿಲ್‌ನಿಂದ ಅದು 5,000 ಆಗಿದೆ. ಗಾಡಿಗೆ ಈಗ ಹಾಕಿರುವ ಬೆಲೆ ನೋಡಿದರೆ, ಶುಲ್ಕ ಕಟ್ಟೋದಾ, ಗುಜರಿಗೆ ಕೊಡೋದಾ ಅಂತ ಯಾರಾದರೂ ಯೋಚಿಸಲೇಬೇಕು. ನಾನೂ ಯೋಚಿಸಿದೆ, ಯೋಚಿಸಿದ್ದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟೆ.

"ನೀ ನಿನ್ನ ಕಾರು ನೋಡ್ಕ. ಇದ್ರ ಸುದ್ದಿಗೆ ಬರಡ" ಅಂದರು ಅಪ್ಪಯ್ಯ.

ಬೆಂಗಳೂರಿನಲ್ಲಿ ನನ್ನದೂ ಒಂದು ಕಾರಿದೆ. ದೊಡ್ಡದು, ಕಂತು ಇನ್ನೂ ಮುಗಿದಿಲ್ಲ. ವಾರದಲ್ಲಿ ಐದು ದಿನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಧೂಳು ತಿನ್ನುತ್ತದೆ. ಅದರ ಬಗ್ಗೆ ನನಗೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಹಾಗಾದರೆ ಹಳದೀಪುರದ ಈ ನಿವೃತ್ತ ಪ್ರೈಮರಿ ಮಾಸ್ತರರಿಗೆ ಏರ್‌ಬ್ಯಾಗ್ ಇಲ್ಲದ, ಪವರ್ ಸ್ಟೀರಿಂಗ್ ಇಲ್ಲದ, ಹನ್ನೆರಡು ಇಂಚಿನ ಪುಟ್ಟ ಚಕ್ರದ ಡಬ್ಬಿಯ ಮೇಲೆ ಇಷ್ಟೊಂದು ಹಠ ಯಾಕೆ? ಉತ್ತರ ಹುಡುಕುತ್ತಾ ಹೋದರೆ ಅದು ಕಾರಿನಿಂದ ಶುರುವಾಗಲಿಲ್ಲ, ಕುದುರೆಯಿಂದ ಶುರುವಾಯ್ತು.

ನಮ್ಮ ಕರಾವಳಿಗೆ ಹೊರಗಿನಿಂದ ವಾಹನ ತರಿಸಿಕೊಳ್ಳೋದು ಹೊಸತಲ್ಲ. ವಿಜಯನಗರದ ಕಾಲದಲ್ಲಿ ಭಟ್ಕಳ ದೊಡ್ಡ ಬಂದರು. ಅರಬ್ ದೇಶಗಳಿಂದ, ಪರ್ಷಿಯಾದ ಕಡೆಯಿಂದ ಹಡಗಿನಲ್ಲಿ ಕುದುರೆಗಳು ಬಂದು ಇಳಿಯುತ್ತಿದ್ದವು. ಇಲ್ಲಿಂದ ಘಟ್ಟ ಹತ್ತಿ ರಾಜಧಾನಿಗೆ ಹೋಗುತ್ತಿದ್ದವು. ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಹದಿನಾರನೇ ಶತಮಾನದಲ್ಲಿ ಒಂದು ಮಜಾ ಸಂಗತಿ ಬರೆದಿಟ್ಟಿದ್ದಾನೆ. ದೊರೆ ಸಾಳುವ ನರಸಿಂಹನಿಗೆ ಕುದುರೆ ಎಷ್ಟು ಬೇಕಾಗಿತ್ತೆಂದರೆ, ಸಮುದ್ರದಲ್ಲಿ ಸತ್ತ ಕುದುರೆಗೂ ಆತ ದುಡ್ಡು ಕೊಡುತ್ತಿದ್ದನಂತೆ. ಸಾಕ್ಷಿಗೆ ಬಾಲ ತಂದು ತೋರಿಸಿದರೆ ಸಾಕು. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಪಕ್ಕಾ ಟೋಟಲ್ ಲಾಸ್ ಇನ್ಶೂರೆನ್ಸ್ ಕ್ಲೇಮ್. ಸರ್ವೇಯರ್ ಕೂಡ ಇಲ್ಲ!

ಆದರೆ ಕುದುರೆ ರಾಜರಿಗೆ. ಉಳಿದವರಿಗೆ ದೋಣಿ, ಇಲ್ಲವೇ ಕಾಲು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಲ್ಲೆ ಗೋವಾದಿಂದ ಹೊನ್ನಾವರಕ್ಕೆ ಹಡಗಿನಲ್ಲಿ ಬಂದ. ಅಲ್ಲಿಂದ ಶರಾವತಿಯಲ್ಲಿ ದೋಣಿ ಹಿಡಿದು ಗೇರುಸೊಪ್ಪೆಗೆ ಹೋಗಿ, ಮುಂದೆ ಘಟ್ಟ ಹತ್ತಿ ಇಕ್ಕೇರಿ ಸೇರಿದ. ಆಮೇಲಿನ ಕಾಲದಲ್ಲಿ ಎತ್ತಿನ ಗಾಡಿ ಬಂತು. ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ಆ ಹತ್ತಿಯ ಹೆಸರೇ 'ಕುಮಟಾ'. ಬೆಳೆದವರು ಧಾರವಾಡದವರು, ಹೆಸರು ಸಿಕ್ಕಿದ್ದು ನಮ್ಮೂರಿಗೆ. 1880ರ ದಶಕದಲ್ಲಿ ರೈಲು ಹುಬ್ಬಳ್ಳಿಯನ್ನು ಮುಟ್ಟಿ ಹತ್ತಿ ಬೇರೆ ದಾರಿ ಹಿಡಿಯಿತು, ಕುಮಟಾ ಮಂಕಾಯಿತು. ನಮ್ಮ ಕರಾವಳಿಗೆ ಮಾತ್ರ ರೈಲು ಬರಲು ಇನ್ನೂ ನೂರು ವರ್ಷ ಬೇಕಾಯ್ತು. ಕೊಂಕಣ ರೈಲ್ವೆ ಪೂರ್ತಿಯಾಗಿ ಓಡಲು ಶುರುವಾಗಿದ್ದು 1998ರ ಜನವರಿಯಲ್ಲಿ. ಆ ಮಾರ್ಗದ ಅತಿ ಉದ್ದದ ಸೇತುವೆ, ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ್ದು, ನಮ್ಮ ಶರಾವತಿಯ ಮೇಲೇ ಇದೆ.

ಅಜ್ಜನ ಕಾಲದಲ್ಲಿ ಕಾಸರಕೋಡಿಗೆ ಹೋಗಬೇಕೆಂದರೆ ತಾರಿ ಕಾಯಬೇಕಿತ್ತಂತೆ. ರಸ್ತೆ ಸೇತುವೆ ಆದಮೇಲೂ ಊರಿನಲ್ಲಿ ಕಾರು ಅಂದರೆ ಡಾಕ್ಟರದ್ದು, ಅಡಿಕೆ ವ್ಯಾಪಾರಿಯದ್ದು, ಇಲ್ಲವೇ ಮದುವೆಗೆ ಬಾಡಿಗೆಗೆ ಬರುವ ಅಂಬಾಸಿಡರ್. ಮಾಸ್ತರರಿಗೆ ಸೈಕಲ್ಲು, ಬಹಳ ಅಂದರೆ ಒಂದು ಸ್ಕೂಟರು.

ಇದು ನಮ್ಮೂರಿನ ಬಡತನ ಮಾತ್ರ ಆಗಿರಲಿಲ್ಲ. 1980ರ ಸುಮಾರಿಗೆ ಇಡೀ ದೇಶದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಕಾರುಗಳು ಐವತ್ತು ಸಾವಿರವನ್ನೂ ಮುಟ್ಟುತ್ತಿರಲಿಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಬಿಟ್ಟರೆ ಆಯ್ಕೆ ಇರಲಿಲ್ಲ ಅನ್ನಬಹುದು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಜನಸಾಮಾನ್ಯರಿಗೊಂದು ಸಣ್ಣ ಕಾರು ಅಂತ ಸಂಜಯ್ ಗಾಂಧಿ 1971ರಲ್ಲಿ ಮಾರುತಿ ಕಂಪನಿ ಶುರುಮಾಡಿದ್ದರು. ಗಲಾಟೆ ಬಹಳ ಆಯ್ತು, ಕಾರು ಮಾತ್ರ ಬರಲಿಲ್ಲ. 1980ರಲ್ಲಿ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮರುವರ್ಷ ಸರ್ಕಾರ ಮಾರುತಿ ಉದ್ಯೋಗ್ ಅನ್ನೋ ಕಂಪನಿ ಕಟ್ಟಿ, 1982ರಲ್ಲಿ ಜಪಾನಿನ ಸುಜುಕಿ ಜೊತೆ ಒಪ್ಪಂದ ಮಾಡಿಕೊಂಡಿತು. 1983ರ ಡಿಸೆಂಬರ್ 14ರಂದು, ಸಂಜಯ್ ಹುಟ್ಟಿದ ದಿನವೇ, ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಯನ್ನು ದೆಹಲಿಯ ಹರ್‌ಪಾಲ್ ಸಿಂಗ್ ಎಂಬುವರ ಕೈಗೆ ಕೊಟ್ಟರು. ಬೆಲೆ ಸುಮಾರು 50 ಸಾವಿರ ರೂಪಾಯಿ.

ಒಳಗಿದ್ದದ್ದು 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್. ಅಂಬಾಸಿಡರ್ ನೋಡಿದ ಕಣ್ಣಿಗೆ ಇದು ಆಟಿಕೆ. ಆದರೆ ಆಟಿಕೆ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ದೂಡಬೇಕಾಗಿರಲಿಲ್ಲ, ಡ್ರೈವರ್ ಇಟ್ಟುಕೊಳ್ಳಬೇಕಾಗಿರಲಿಲ್ಲ. ಹೆಂಗಸರೂ ಆರಾಮಾಗಿ ಓಡಿಸಬಹುದಿತ್ತು. ಕಾರು ಅಂದರೆ ಸಾಹುಕಾರನ ಸೊತ್ತು ಅನ್ನುವ ಲೆಕ್ಕ ತಪ್ಪಿದ್ದೇ ಇಲ್ಲಿ.

ದೆಹಲಿಯಿಂದ ಹಳದೀಪುರಕ್ಕೆ ಈ ಕ್ರಾಂತಿ ಬರಲು ಎರಡು ದಶಕ ಹಿಡಿಯಿತು. ಬಂದಿದ್ದೂ ನೇರ ಅಲ್ಲ, ದುಬೈ ಸುತ್ತಿಕೊಂಡು. ಭಟ್ಕಳದ ಎಷ್ಟೋ ಮನೆಗಳ ಒಂದು ಕಾಲು ಗಲ್ಫಿನಲ್ಲಿದೆ. ಹಿಂದೆ ಅಲ್ಲಿಂದ ಕುದುರೆ ಬಂತು, ಈಗ ದುಡ್ಡು ಬಂತು. ಮಗ ದುಬೈಗೆ ಹೋಗಿ ಮನೆಯವರಿಗೆ ದೊಡ್ಡ ಕಾರು ಕೊಡಿಸಿದಾಗ ಹಳೆಯ 800 ಸೆಕೆಂಡ್ ಹ್ಯಾಂಡ್ ಆಗಿ ಹೊನ್ನಾವರದ ಮಾಸ್ತರರಿಗೋ ಕುಮಟಾದ ಬ್ಯಾಂಕ್ ಗುಮಾಸ್ತರಿಗೋ ಸಿಗುತ್ತಿತ್ತು. ನಮ್ಮದೂ ಹಾಗೇ ಬಂದಿದ್ದು, 2007ರಲ್ಲಿ. ಸೊಸೈಟಿಯಲ್ಲಿ ಸಾಲ ಮಾಡಿ ಒಂದೂಕಾಲು ಲಕ್ಷ ಕೊಟ್ಟರು. ಅಪ್ಪಯ್ಯನಿಗೆ ಆಗ ಐವತ್ತೆರಡು. ಶಾಲೆಯ ಮೈದಾನದಲ್ಲಿ, ಅವರದ್ದೇ ಹಳೇ ಶಿಷ್ಯನೊಬ್ಬ ಕ್ಲಚ್ ಬಿಡೋದು ಕಲಿಸಿದ. "ಮಾಸ್ತರ್ರೇ, ನಿಧಾನ, ನಿಧಾನ" ಅಂತ ಅವನು ಕೂಗೋದು ಕೇಳಿ ಊರ ಹುಡುಗರಿಗೆಲ್ಲ ಪರಮಾನಂದ.

ಕಾರು ಕೊಳ್ಳೋದು ಒಂದು ದಿನದ ಕೆಲಸ. ಈ ಕರಾವಳಿಯಲ್ಲಿ ಇಟ್ಟುಕೊಳ್ಳೋದು ವರ್ಷವಿಡೀ ಸಂಸಾರ. ಮೊದಲ ಶತ್ರು ಉಪ್ಪು ಗಾಳಿ. ತುಕ್ಕು ಮೇಲಿನಿಂದ ಬರೋದಿಲ್ಲ, ಅಡಿಯಿಂದ ಬರುತ್ತದೆ. ಬಾಗಿಲಿನ ಕೆಳಅಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಎಲೆ, ಮಣ್ಣು ಸೇರಿ ಅವು ಮುಚ್ಚಿಕೊಂಡರೆ ಬಾಗಿಲ ಹೊಟ್ಟೆಯೊಳಗೆ ನೀರು ನಿಂತು ಒಂದೆರಡು ಮಳೆಗಾಲದಲ್ಲಿ ತಗಡು ಬಿಸ್ಕತ್ತಾಗುತ್ತದೆ. ಅಪ್ಪಯ್ಯ ಪ್ರತಿ ಭಾನುವಾರ ತೆಂಗಿನ ಹಿಡಿಕಡ್ಡಿಯಿಂದ ಆ ತೂತುಗಳನ್ನು ಕೆದಕುತ್ತಾರೆ. ನೆಲದ ಮ್ಯಾಟ್ ತೆಗೆದು ಒಣಗಿಸುತ್ತಾರೆ. ಮೇ ಕೊನೆಗೆ ಅಡಿಗೆ ಕಪ್ಪು ಕೋಟಿಂಗ್ ಹೊಡೆಸುತ್ತಾರೆ.

ಎರಡನೆಯದು ಮಳೆ. ಮಳೆಗಾಲದಲ್ಲಿ ನಾಲ್ಕು ದಿನ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದರೆ ಹಿಂದಿನ ಡ್ರಮ್ಮು ತುಕ್ಕು ಹಿಡಿದು ಬ್ರೇಕು ಕಚ್ಚಿಕೊಂಡುಬಿಡುತ್ತದೆ. ಅದಕ್ಕೇ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೊಂದು ಕಲ್ಲು ಕೊಡೋದು. ನೀರಿನಲ್ಲಿ ಹಾಯ್ದು ಬಂದಮೇಲೆ ಸ್ವಲ್ಪ ದೂರ ಬ್ರೇಕ್ ಮೆಲ್ಲಗೆ ಒತ್ತುತ್ತಾ ಡ್ರಮ್ ಒಣಗಿಸಿಕೊಳ್ಳಬೇಕು. ಇಲ್ಲದಿದ್ದರೆ ಬೇಕಾದಾಗ ಬ್ರೇಕ್ ಹಿಡಿಯೋದಿಲ್ಲ. ಮೂರನೆಯದು ಇಲಿ. ಬೆಚ್ಚಗಿನ ಎಂಜಿನ್ ಮೇಲೆ ಬಂದು ಕೂತು ವೈರು ಕಡಿಯುತ್ತದೆ. ನಾಲ್ಕನೆಯದು ತೆಂಗಿನಕಾಯಿ. ಅದಕ್ಕೆ ಔಷಧ ಇಲ್ಲ, ಬಾನೆಟ್ಟಿನ ಮೇಲೆ ಗುಳಿ ಇನ್ನೂ ಇದೆ.

ಇಷ್ಟೆಲ್ಲ ಕಾಟ ಇದ್ದರೂ ಖರ್ಚು ಹೆಚ್ಚಲ್ಲ. ಸುಮಾರು ಮೂರು ಲೀಟರ್ ಆಯಿಲ್, ಫಿಲ್ಟರ್, ಪ್ಲಗ್ಗು. ಬಾನೆಟ್ ಎತ್ತಿದರೆ ಯಾವ ಭಾಗ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುತ್ತದೆ. ನಾವು ಆಫೀಸಿನಲ್ಲಿ ಹಳೆಯ ಕೋಡಿಗೆ ಬೈಯುತ್ತೇವಲ್ಲ, ಇಪ್ಪತ್ತು ವರ್ಷದ ಹಿಂದೆ ಯಾರೋ ಬರೆದದ್ದು, ಆದರೂ ಓದಿದರೆ ಅರ್ಥ ಆಗುತ್ತೆ, ನಿಲ್ಲದೇ ಓಡುತ್ತೆ. ಇದೂ ಹಾಗೇ.

ಈಗ ಹಠದ ಮೂಲಕ್ಕೆ ಬರ್ತೇನೆ.

2008ರ ಜುಲೈ. ನಾನು ಹುಬ್ಬಳ್ಳಿಯಲ್ಲಿ ಬಿಇ ಓದುತ್ತಿದ್ದೆ, ರಜೆಗೆ ಬಂದಿದ್ದೆ. ರಾತ್ರಿ ಹತ್ತೂವರೆಗೆ ಆಯಿಗೆ ಎದೆನೋವು. ಹೊನ್ನಾವರದ ಡಾಕ್ಟರು ನೋಡಿ, ಇಂಜೆಕ್ಷನ್ ಕೊಟ್ಟು, "ತಡ ಮಾಡಬೇಡಿ, ಮಣಿಪಾಲಕ್ಕೆ ಹೋಗಿ" ಅಂದರು. ಆಗ 108 ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ. ಕರ್ನಾಟಕದಲ್ಲಿ ಅದು ಶುರುವಾಗಿದ್ದು ಅದೇ ವರ್ಷದ ನವೆಂಬರ್ ಒಂದಕ್ಕೆ. ಮಣಿಪಾಲ ಅಂದರೆ ನೂರು ಕಿಲೋಮೀಟರಿಗೂ ಹೆಚ್ಚು. ಹಿಂದಿನ ಸೀಟಿನಲ್ಲಿ ಆಯಿಯ ತಲೆ ನನ್ನ ತೊಡೆಯ ಮೇಲೆ. ಮುಂದೆ ಕುಂಭದ್ರೋಣ ಮಳೆ. ಮುರ್ಡೇಶ್ವರ ದಾಟುವಾಗ ವೈಪರ್ ನಿಂತುಹೋಯ್ತು.

ಅಪ್ಪಯ್ಯ ಗಾಡಿ ಬದಿಗೆ ಹಾಕಿದರು. ಕವಳದ ಸಂಚಿ ಬಿಚ್ಚಿ, ಹೊಗೆಸೊಪ್ಪಿನ ಎಸಳನ್ನು ಅಂಗೈಯಲ್ಲಿ ಒದ್ದೆಮಾಡಿ ಗಾಜಿನ ಮೇಲೆಲ್ಲ ತಿಕ್ಕಿದರು. ಹಳೇ ಲಾರಿ ಡ್ರೈವರುಗಳ ಉಪಾಯ ಅದು. ಮಳೆನೀರು ಹನಿಹನಿಯಾಗಿ ನಿಲ್ಲದೆ ತೆಳುವಾಗಿ ಜಾರಿಹೋಗುತ್ತದೆ, ಒಂದಿಷ್ಟು ದಾರಿ ಕಾಣುತ್ತದೆ. ಮತ್ತೆ ಕೂತರು. ಭಟ್ಕಳ, ಬೈಂದೂರು, ಕುಂದಾಪುರ. ಮೂರು ಸಲ ಇಳಿದು ತಿಕ್ಕಿದರು. ಒಂದು ಮಾತೂ ಆಡಲಿಲ್ಲ. ಬೆಳಗಿನ ಜಾವ ಮಣಿಪಾಲ ಮುಟ್ಟಿದೆವು. ಆಯಿ ಉಳಿದರು. ಇವತ್ತಿಗೂ ದಿನಾ ಬೆಳಿಗ್ಗೆ ಕಾರಿನ ಮೇಲಿನ ತರಗೆಲೆ ಗುಡಿಸುವವರು ಅವರೇ.

ಇದು ನಮ್ಮ ಮನೆಯೊಂದರ ಕತೆಯಲ್ಲ. ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ಯಾರ ಮನೆಗೆ ಹೋಗಿ ಕೇಳಿದರೂ ಇಂಥದೊಂದು ರಾತ್ರಿ ಇರುತ್ತದೆ. ಕೆಲವು ಕತೆಗಳ ಕೊನೆ ನಮ್ಮದರಂತೆ ಇರೋದಿಲ್ಲ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2019ರಲ್ಲಿ ನಮ್ಮ ಕಡೆಯ ಹುಡುಗರು ಸೋಶಿಯಲ್ ಮೀಡಿಯಾದಲ್ಲಿ ಎದ್ದು ನಿಂತರು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಹೊರಟ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ಗೇಟಿನಲ್ಲಿ ಮಳೆಯಲ್ಲಿ ಜಾರಿ ಪಲ್ಟಿಯಾಯ್ತು, ನಾಲ್ಕು ಜನ ತೀರಿಕೊಂಡರು. ಕೂಗು ಮತ್ತೆ ಎದ್ದಿತು. ನಗರದವರಿಗೆ ಸಣ್ಣ ಕಾರು ಅಂದರೆ ದೊಡ್ಡ ಕಾರಿಗೆ ಮೊದಲ ಮೆಟ್ಟಿಲು. ನಮ್ಮ ಕಡೆ ಅದು ಅಂಗಳದಲ್ಲಿ ನಿಲ್ಲಿಸಿಟ್ಟ ಆಸ್ಪತ್ರೆಯ ದಾರಿ. ಭಟ್ಕಳಕ್ಕೆ ಕುದುರೆ ಇಳಿಯುತ್ತಿದ್ದಾಗಲೂ, ಕುಮಟಾಕ್ಕೆ ಹತ್ತಿ ಬರುತ್ತಿದ್ದಾಗಲೂ ದಾರಿಗಳು ಇಲ್ಲಿಂದ ಬೇರೆಲ್ಲಿಗೋ ಹೋಗುತ್ತಿದ್ದವು. ಬೇಕಾದದ್ದು ಮಾತ್ರ ಇಲ್ಲಿಗೆ ಬರಲಿಲ್ಲ.

ಇನ್ನು 800ರ ಕತೆ. 2010ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ನಿಯಮ ಬಂದು ಬೆಂಗಳೂರೂ ಸೇರಿದಂತೆ ಹದಿಮೂರು ದೊಡ್ಡ ನಗರಗಳಲ್ಲಿ ಅದರ ಮಾರಾಟ ನಿಂತಿತು. ನಾನು ಕೆಲಸ ಹುಡುಕಿ ಬೆಂಗಳೂರಿಗೆ ಬಂದದ್ದೂ ಅದೇ ವರ್ಷ. 2014ರ ಜನವರಿ 18ಕ್ಕೆ ತಯಾರಿಕೆಯೇ ಮುಗಿಯಿತು. ಮೂವತ್ತು ವರ್ಷದಲ್ಲಿ 27 ಲಕ್ಷಕ್ಕೂ ಹೆಚ್ಚು ಕಾರು. ಈಗಲೂ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕೆಎ-47 ನಂಬರಿನ ಗಾಡಿ ಕಂಡರೆ ಯಾರು ಅಂತ ಕತ್ತು ಉದ್ದ ಮಾಡ್ತೇನೆ, 800 ಆಗಿದ್ದರಂತೂ ಕೈಯೇ ಬೀಸ್ತೇನೆ.

ಪ್ರೀತಿ ಬೇರೆ, ಸುರಕ್ಷತೆ ಬೇರೆ. ಹೆದ್ದಾರಿ 66 ಈಗ ನಾಲ್ಕು ಪಥ ಆಗಿದೆ, ಲಾರಿಗಳ ವೇಗ ಹೆಚ್ಚಿದೆ. ಆ ತೆಳು ತಗಡು ಅಪಘಾತದಲ್ಲಿ ಯಾರನ್ನೂ ಕಾಯೋದಿಲ್ಲ. ಇದನ್ನು ನಾನು ಅಪ್ಪಯ್ಯನಿಗೆ ಹೇಳಲೇಬೇಕಿತ್ತು. ಆರ್‌ಟಿಓ ಎದುರು ಚಹಾ ಕುಡಿಯುತ್ತಾ ಹೇಳಿದೆ. ಅವರು ಸುಮ್ಮನೆ ಕೇಳಿದರು. ಕೊನೆಗೆ, "ರಾತ್ರಿ ಹೈವೇಗೆ ತೆಗಿತಿಲ್ಲೆ. ಊರೊಳಗೆ ಸಾಕು. ಆದ್ರೆ ಅಂಗಳದಲ್ಲಿ ಗಾಡಿ ಇಲ್ಲೆ ಅಂದ್ರೆ ನಿನ್ನ ಆಯಿಗೆ ನಿದ್ರೆ ಬತ್ತಿಲ್ಲೆ" ಅಂದರು.

ನಾನು ಐದು ಸಾವಿರ ಕಟ್ಟಿದೆ. ಬೆಂಗಳೂರಿನ ದೊಡ್ಡ ಕಾರನ್ನು ಊರಿಗೆ ಬಿಟ್ಟುಬರೋದು ಅಂತಲೂ ಮನಸ್ಸಿನಲ್ಲೇ ತೀರ್ಮಾನಿಸಿದೆ. ಬೇಸ್‌ಮೆಂಟಿನಲ್ಲಿ ಧೂಳು ತಿನ್ನೋ ಬದಲು ಅಲ್ಲಿ ದೂರದ ಹಾದಿಗಾದರೂ ಆಗಲಿ. ಕಳೆದ ವರ್ಷ ಅದೂ ಆಯ್ತು. ಅಪ್ಪಯ್ಯ ಅದನ್ನೂ ಓಡಿಸುತ್ತಾರೆ, ಅದಕ್ಕೂ ಹಿಡಿಕಡ್ಡಿಯ ಸೇವೆ ನಡೆಯುತ್ತದೆ.

ಮುಂದಿನ ನವೀಕರಣ 2029ಕ್ಕೆ. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರಲ್ಲಿ ಶುಲ್ಕವನ್ನು 10,000ಕ್ಕೆ ಏರಿಸಿದ್ದಾರೆ. ಐವತ್ತೈದು ದಾಟಿದವರ ಲೈಸೆನ್ಸನ್ನೂ ಐದೈದು ವರ್ಷಕ್ಕೇ ನವೀಕರಿಸೋದು. ಹೀಗಾಗಿ ಅಪ್ಪಯ್ಯನದ್ದೂ ಗಾಡಿಯದ್ದೂ ಪರೀಕ್ಷೆ ಒಂದೇ ವರ್ಷ ಬೀಳುತ್ತದೆ. ಗಾಡಿಗೆ ಫಿಟ್ನೆಸ್ಸು, ಅವರಿಗೆ ಡಾಕ್ಟರ ಸರ್ಟಿಫಿಕೇಟು. ಎರಡರಲ್ಲಿ ಯಾವುದು ಮೊದಲು ಪಾಸಾಗುತ್ತದೆ ಅಂತ ಆಯಿ ಈಗಲೇ ತಮಾಷೆ ಮಾಡುತ್ತಿರುತ್ತಾರೆ.