ಜನಪದ ಯಾರದ್ದು? ಸಿದ್ದಿ ದಮಾಮಿ, ಜೋಗತಿ ಚೌಡಿಕೆ ಮತ್ತು ಅಮೆರಿಕದ ಬ್ಯಾಂಜೋ

ದಾಂಡೇಲಿಗೆ ವೀಕೆಂಡ್ ಟ್ರಿಪ್ ಹೋದವರಿಗೆ ಇದು ಗೊತ್ತಿರುತ್ತೆ. ಹಗಲು ಕಾಳಿ ನದಿಯಲ್ಲಿ ರ‍್ಯಾಫ್ಟಿಂಗ್, ರಾತ್ರಿ ಕ್ಯಾಂಪ್‌ಫೈರ್ ಪಕ್ಕ ‘ಸಿದ್ದಿ ಡ್ಯಾನ್ಸ್’. ಹತ್ತು ನಿಮಿಷದ ಕುಣಿತ, ನಾಲ್ಕು ರೀಲ್ಸ್, ಆಮೇಲೆ ಊಟ. ಕುಣಿದವರು ಯಾರು, ಆ ವಾದ್ಯದ ಹೆಸರೇನು, ಈ ಕಾಡಿಗೆ ಅವರು ಬಂದಿದ್ದು ಹೇಗೆ ಅಂತ ಕೇಳುವವರು ಕಡಿಮೆ.

ಇತ್ತ ಅಮೆರಿಕದಲ್ಲಿ ‘ಕಂಟ್ರಿ ಸಂಗೀತ ಯಾರದ್ದು?’ ಅನ್ನೋ ಜಗಳ ಜೋರಾಗಿದೆ. ಕಪ್ಪು ಕಲಾವಿದರು, ಲಿಂಗತ್ವ ಮತ್ತು ಲೈಂಗಿಕ ಅಲ್ಪಸಂಖ್ಯಾತ ಕಲಾವಿದರು ಅಲ್ಲಿ ತಮ್ಮ ಜಾಗ ಕೇಳುತ್ತಿದ್ದಾರೆ. ಅದೇ ಪ್ರಶ್ನೆ ನಮ್ಮಲ್ಲೂ ಇದೆ. ಅದನ್ನು ಅರ್ಥ ಮಾಡಿಕೊಳ್ಳಲು ಬೇಕಾದ ಮುಖ್ಯ ಸಂಗತಿಗಳು ಇಲ್ಲಿವೆ.

ಸಿದ್ದಿಗಳು ಯಾರು?

ಆಫ್ರಿಕಾ ಮೂಲದ ಕನ್ನಡ ನೆಲದ ಜನ. 16ನೇ ಶತಮಾನದಿಂದ ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಪಶ್ಚಿಮ ಘಟ್ಟದ ಕಾಡು ಸೇರಿದರು. ಇವರ ಪೂರ್ವಜರ ಬೇರು ಮುಖ್ಯವಾಗಿ ಆಫ್ರಿಕಾದ ಬಂಟು ಸಮುದಾಯಗಳಲ್ಲಿದೆ ಎಂದು 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೂ ಹೇಳಿತು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ, ಅಂಕೋಲಾ ಸುತ್ತಮುತ್ತ ಇವರ ಊರುಗಳಿವೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದ ಸಿದ್ದಿಗಳಿದ್ದಾರೆ. ಮನೆಯಲ್ಲಿ ಕೊಂಕಣಿ, ಉರ್ದು, ಮರಾಠಿ, ಹೊರಗೆ ಕನ್ನಡ.

ದೇವರು ಬೇರೆ, ಮನೆಮಾತು ಬೇರೆ. ಹಾಗಿದ್ದರೂ ಇವರನ್ನು ಒಂದು ಸಮುದಾಯವಾಗಿ ಹಿಡಿದಿಟ್ಟ ಸಂಗತಿಗಳಲ್ಲಿ ಹಾಡು-ಕುಣಿತ ಮುಖ್ಯವಾದದ್ದು. ದಮಾಮಿ ಅಂದರೆ ಚರ್ಮವಾದ್ಯದ ಬಡಿತಕ್ಕೆ ಹಾಡುತ್ತಾ ಕುಣಿಯೋದು. ಜೊತೆಗೆ ಹೆಂಗಸರ ಫುಗಡಿ. ಇದು ಮೂಲತಃ ಪ್ರೇಕ್ಷಕರಿಗಾಗಿ ಮಾಡಿದ್ದಲ್ಲ, ತಮಗಾಗಿ ಮಾಡಿಕೊಂಡಿದ್ದು. ರೆಸಾರ್ಟಿನ ಕುಣಿತಕ್ಕೂ ಊರಿನ ಕುಣಿತಕ್ಕೂ ಇರೋ ವ್ಯತ್ಯಾಸ ಅದೇ.

ಮಾನ್ಯತೆ ಸಿಕ್ಕಿದ್ದು ಯಾವಾಗ?

ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ಹಳಿಯಾಳದ ಗಡಿ ದಾಟಿದರೆ ಸಿಗುವ ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು 2020ರವರೆಗೆ ಕಾಯಬೇಕಾಯಿತು. ಅಂದರೆ 17 ವರ್ಷ ಒಂದೇ ಸಮುದಾಯದವರಿಗೆ ಜಿಲ್ಲೆಯ ಗಡಿ ನೋಡಿ ಹಕ್ಕು ಹಂಚಲಾಗಿತ್ತು. 2020ರಲ್ಲೇ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಕರ್ನಾಟಕದ ಶಾಸನಸಭೆಯಲ್ಲಿ ಸಿದ್ದಿಯೊಬ್ಬರು ಕೂತಿದ್ದು ಅದೇ ಮೊದಲು.

ಕಲೆಯ ಬಾಗಿಲು ಇದಕ್ಕಿಂತ ಮೊದಲೇ ಸ್ವಲ್ಪ ತೆರೆದಿತ್ತು. ಚಿದಂಬರರಾವ್ ಜಂಬೆ ಅವರು ಸಿದ್ದಿ ಕಲಾವಿದರನ್ನೇ ಇಟ್ಟುಕೊಂಡು, ನೈಜೀರಿಯಾದ ಚಿನುವ ಅಚಿಬೆಯ ಕಾದಂಬರಿ ಆಧರಿಸಿದ ನಾಟಕ ಮಾಡಿಸಿದರು. ಹೆಗ್ಗೋಡಿನ ನೀನಾಸಂ ನಂಟಿನಿಂದ ಸಿದ್ದಿ ಸಮುದಾಯದ ಹಲವರು ರಂಗಭೂಮಿಗೆ ಬಂದರು. ಗಿರಿಜಾ ಸಿದ್ದಿ ರಂಗನಟಿಯಾಗಿ, ಹಾಡುಗಾರ್ತಿಯಾಗಿ ಹೆಸರು ಮಾಡಿದರು. ಪ್ರಶಾಂತ್ ಸಿದ್ದಿ ಸಿನಿಮಾಕ್ಕೆ ಬಂದರು. ರೆಸಾರ್ಟಿನಲ್ಲಿ ‘ಸಿದ್ದಿ ಡ್ಯಾನ್ಸ್’ ಮಾತ್ರ ಇರುತ್ತೆ. ರಂಗದ ಮೇಲೆ ಕಲಾವಿದರಿಗೆ ಒಂದು ಹೆಸರಿರುತ್ತೆ.

ಜೋಗತಿಯರ ಕಥೆ ಏನು?

ಇದು ಬೇರೆ ಸಮುದಾಯ, ಬೇರೆ ಚರಿತ್ರೆ. ಎರಡನ್ನೂ ಕಲಸುವುದು ಬೇಡ. ಆದರೆ ಪ್ರಶ್ನೆ ಒಂದೇ. ಸವದತ್ತಿ ಎಲ್ಲಮ್ಮ, ಹುಲಿಗೆಮ್ಮನ ಹೆಸರಲ್ಲಿ ಚೌಡಿಕೆ ನುಡಿಸುತ್ತಾ, ಕೊಡ ಹೊತ್ತು ಕುಣಿಯುವ ಜೋಗಪ್ಪ-ಜೋಗತಿಯರಲ್ಲಿ ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವವರು ಅನೇಕರು. ಮನೆ ಹೊರಗೆ ಹಾಕಿದವರನ್ನು ಜೋಗತಿಯರ ಗುಂಪು ಒಳಗೆ ಕರೆದುಕೊಂಡಿದೆ. ಹಿರಿಯ ಜೋಗತಿಯೇ ಗುರು, ಅವಳೇ ಅವ್ವ.

ಮಂಜಮ್ಮ ಜೋಗತಿ ಬದುಕು ಹಾಗೆಯೇ ಸಾಗಿದ್ದು. ಬಳ್ಳಾರಿ ಸೀಮೆಯಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿ, ಮನೆ ಬಿಟ್ಟು, ಕಾಳವ್ವ ಜೋಗತಿಯಿಂದ ಕಲೆ ಕಲಿತವರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷಗಿರಿ, 2021ರಲ್ಲಿ ಪದ್ಮಶ್ರೀ. ರಾಷ್ಟ್ರಪತಿಯವರಿಗೆ ಸೆರಗಿನಲ್ಲಿ ದೃಷ್ಟಿ ತೆಗೆದ ಅವರ ವಿಡಿಯೊ ನೀವೂ ನೋಡಿರ್ತೀರಿ. ಅವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ವನ್ನು ನಿರೂಪಿಸಿದವರು ಅರುಣ್ ಜೋಳದಕೂಡ್ಲಿಗಿ.

ಆದರೆ ಇದನ್ನು ‘ನಮ್ಮ ಸಂಪ್ರದಾಯ ಎಷ್ಟು ಉದಾರ ನೋಡಿ’ ಅಂತ ಓದಿದರೆ ಅರ್ಧ ಸತ್ಯ. ದೇವರಿಗೆ ಬಿಡುವ ಪದ್ಧತಿ ಆಸರೆಯೂ ಹೌದು, ಬಲವಂತವೂ ಹೌದು. ಮಗ ಹೆಣ್ಣಿನಂತೆ ಇದ್ದಾನೆ ಅಂದರೆ ಮುತ್ತು ಕಟ್ಟಿಸಿ ಕೈತೊಳೆದುಕೊಂಡ ಮನೆಗಳಿವೆ. ಆಮೇಲೆ ಜೋಗವೇ ಗತಿ, ಅಂದರೆ ಭಿಕ್ಷೆ. ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ 1982ರದ್ದು. ಆದರೆ ಕಾಯ್ದೆ ಬಂದ ಮಾತ್ರಕ್ಕೆ ಬೇರೆ ಕೆಲಸ ಸಿಗಲ್ಲ. ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿಯನ್ನು ಕರ್ನಾಟಕ ಕೊಟ್ಟಿದ್ದು 2021ರಲ್ಲಿ. ಅಷ್ಟರಲ್ಲಿ ಎಷ್ಟೋ ಜೋಗತಿಯರ ಓದುವ ವಯಸ್ಸೇ ದಾಟಿತ್ತು.

ಅಮೆರಿಕದಲ್ಲಿ ಏನಾಯ್ತು?

ಕಂಟ್ರಿ ಅಂದರೆ ಬಿಳಿಯರ ಹಾಡು ಅನ್ನೋ ನಂಬಿಕೆ ಇದೆ. ಆದರೆ ಅದರ ಗುರುತಾದ ಬ್ಯಾಂಜೋ ಬಂದಿದ್ದು ಆಫ್ರಿಕಾದ ಗುಲಾಮರ ಸೋರೆಬುರುಡೆಯ ವಾದ್ಯಗಳಿಂದ. 1920ರ ದಶಕದಲ್ಲಿ ರೆಕಾರ್ಡ್ ಕಂಪನಿಗಳು ಕಪ್ಪು ಜನರ ಹಾಡನ್ನು ‘ರೇಸ್ ರೆಕಾರ್ಡ್ಸ್’, ಬಿಳಿಯರದ್ದನ್ನು ‘ಹಿಲ್‌ಬಿಲಿ’ ಅಂತ ಬೇರೆ ಬೇರೆ ಮಾರಿದವು. ಮಾರುಕಟ್ಟೆಯ ಈ ವಿಂಗಡಣೆಯೇ ಬರಬರುತ್ತಾ ಚರಿತ್ರೆ ಆಗಿಬಿಟ್ಟಿತು.

ಲ್ಯಾವೆಂಡರ್ ಕಂಟ್ರಿ ತಂಡ 1973ರಲ್ಲೇ ಸಲಿಂಗ ಪ್ರೇಮದ ಬಗ್ಗೆ ಕಂಟ್ರಿ ಆಲ್ಬಂ ತಂದಿತ್ತು. 2019ರಲ್ಲಿ ಲಿಲ್ ನ್ಯಾಸ್ ಎಕ್ಸ್‌ನ ‘ಓಲ್ಡ್ ಟೌನ್ ರೋಡ್’ ಹಾಡನ್ನು ಬಿಲ್‌ಬೋರ್ಡ್ ತನ್ನ ಕಂಟ್ರಿ ಪಟ್ಟಿಯಿಂದ ತೆಗೆಯಿತು. ಅದೇ ಹಾಡು ಮುಖ್ಯ ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನದಲ್ಲಿ ನಿಂತಿತು. ಆ ನಡುವೆಯೇ ಆತ ತಾನು ಗೇ ಅಂತ ಹೇಳಿಕೊಂಡ. 2021ರಲ್ಲಿ ಕಪ್ಪು ಕಲಾವಿದರಿಗಾಗಿ ‘ಬ್ಲ್ಯಾಕ್ ಓಪ್ರಿ’ ಶುರುವಾಯಿತು. 2025ರಲ್ಲಿ ಬಿಯಾನ್ಸೆಯ ‘ಕೌಬಾಯ್ ಕಾರ್ಟರ್’ ಗ್ರ್ಯಾಮಿಯ ಕಂಟ್ರಿ ಆಲ್ಬಂ ಪ್ರಶಸ್ತಿ ಗೆದ್ದಿತು. ಕಪ್ಪು ಕಲಾವಿದರಿಗೆ ಅದು ಸಂದಿದ್ದು ಅದೇ ಮೊದಲು.

ಹೋಲಿಕೆ ಎಲ್ಲಿವರೆಗೆ ಸರಿ?

ಅಲ್ಲಿ ಬಾಗಿಲು ಕಾಯೋದು ರೆಕಾರ್ಡ್ ಕಂಪನಿ, ರೇಡಿಯೊ. ಇಲ್ಲಿ ದೇವಸ್ಥಾನ, ಸರ್ಕಾರಿ ಉತ್ಸವ, ಈಗೀಗ ರೆಸಾರ್ಟ್. ಅಲ್ಲಿ ಕಪ್ಪು ಕಲಾವಿದರಿಗೆ ‘ನೀವು ನಮ್ಮವರಲ್ಲ’ ಅಂದರು. ಇಲ್ಲಿ ‘ನಿಮ್ಮ ಕಲೆ ನಮ್ಮ ಹೆಮ್ಮೆ’ ಅಂತ ಮೆರವಣಿಗೆಯ ಮುಂದೆ ನಿಲ್ಲಿಸುತ್ತಾರೆ, ಮೆರವಣಿಗೆ ಮುಗಿದ ಮೇಲೆ ಬಾಡಿಗೆ ಮನೆ ಕೊಡಲ್ಲ. ಕಲೆ ಬೇಕು, ಕಲಾವಿದೆ ಬೇಡ ಅನ್ನೋ ಈ ಬುದ್ಧಿ ಹೆಚ್ಚು ಅಪಾಯದ್ದು, ಯಾಕೆಂದರೆ ಅದು ಗೌರವದ ವೇಷದಲ್ಲಿ ಬರುತ್ತೆ.

ಹಾಗಾಗಿ ಮುಂದಿನ ಸಲ ದಾಂಡೇಲಿಯಲ್ಲೋ ದಸರಾದಲ್ಲೋ ಕುಣಿತ ನೋಡುವಾಗ ನಾಲ್ಕು ಪ್ರಶ್ನೆ ಕೇಳಿ. ಕಲಾವಿದರ ಹೆಸರು ಹೇಳಿದರಾ? ಸಂಭಾವನೆ ಅವರ ಕೈಗೇ ಹೋಯ್ತಾ, ಮಧ್ಯವರ್ತಿಗಾ? ಏನು ಹಾಡಬೇಕು, ಏನು ತೊಡಬೇಕು ಅಂತ ತೀರ್ಮಾನಿಸಿದ್ದು ಯಾರು? ರೆಕಾರ್ಡ್ ಮಾಡುವ ಮುನ್ನ ಅವರನ್ನು ಕೇಳಿದರಾ? ಈ ನಾಲ್ಕಕ್ಕೂ ಸರಿಯಾದ ಉತ್ತರ ಸಿಗದಿದ್ದರೆ, ನೀವು ನೋಡುತ್ತಿರೋದು ಆ ಸಮುದಾಯದ ಹೆಸರಲ್ಲಿ ಬೇರೆಯವರು ನಡೆಸುತ್ತಿರೋ ವ್ಯಾಪಾರ.