ಒಂದೇ ಮೈಗೆ ಮೂರು ಅರ್ಜಿ

ಹೊಸಪೇಟೆಯಿಂದ ತುಂಗಭದ್ರೆ ದಾಟಿದರೆ ಹುಲಿಗಿ. ಅಲ್ಲಿನ ದೇವಿ ಹುಲಿಗೆಮ್ಮನ ಹುಣ್ಣಿಮೆಗೆ ಸಂಡೂರು, ಕಂಪ್ಲಿ ಕಡೆಯ ಜನವೂ ಹೊಳೆ ದಾಟಿ ಬರುತ್ತಾರೆ. ಅಂಗವೈಕಲ್ಯ, ಲಿಂಗ, ಲೈಂಗಿಕತೆ ಮೂರನ್ನೂ ಬಿಡಿಬಿಡಿಯಾಗಿ ನೋಡಬಾರದು ಎಂಬ ಮಾತನ್ನು 2005ರ ಹೊತ್ತಿಗೆ ಅಮೆರಿಕದ ಪ್ಯಾಟಿ ಬರ್ನ್, ಮಿಯಾ ಮಿಂಗಸ್ ಮತ್ತು ಅವರ ಸಂಗಾತಿಗಳು ‘ಅಂಗವಿಕಲರ ನ್ಯಾಯ’ ಎಂಬ ಅರ್ಥದ ಹೆಸರಿಟ್ಟು ಮುಂದಿಟ್ಟರು. ನಮ್ಮ ಸೀಮೆಯಲ್ಲಿ ಈ ಮೂರೂ ಒಂದೇ ಬಾಗಿಲಲ್ಲಿ, ಇಂಥ ದೇವಿಯ ಬಾಗಿಲಲ್ಲಿ, ಕೂಡಿದ್ದು ಅದಕ್ಕಿಂತ ಬಹಳ ಹಿಂದೆ. ಆದರೆ ಕೂಡಿಸಿದ್ದು ನ್ಯಾಯವಲ್ಲ, ಹರಕೆ. ಕಣ್ಣು ಕಾಣದ ಮಗಳು, ತಲೆಗೂದಲು ತಾನಾಗಿ ಜಡೆಗಟ್ಟಿದ ಹುಡುಗಿ, ಹೆಣ್ಣಿನ ನಡೆಯ ಹುಡುಗ, ಹೀಗೆ ಮನೆಗೆ ದಿಕ್ಕು ತೋಚದ ಮೈಗಳನ್ನು ದೇವಿಗೆ ಬಿಡುವ ರೂಢಿ ಇತ್ತು. ಆಮೇಲೆ ಬಂದ ಚಳವಳಿಗಳು, ಕಾನೂನುಗಳು ಇದೇ ಮೈಯನ್ನು ಮೂರು ಇಲಾಖೆಗಳಿಗೆ ಹಂಚಿಕೊಂಡವು. ಹರಕೆ ಕಟ್ಟಿದ್ದನ್ನು ಬಿಚ್ಚಬೇಕಾದರೆ ಹೋರಾಟವೂ ಆ ಮೂರನ್ನು ಒಟ್ಟಿಗೇ ಹಿಡಿಯಬೇಕು ಎಂಬುದು ಈ ಲೇಖನದ ವಾದ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಅಧಿಕಾರಿ ಫ್ರೆಡ್ ಫಾಸೆಟ್ ಬಳ್ಳಾರಿ ಸೀಮೆಯಲ್ಲಿ ದೇವರಿಗೆ ಬಿಟ್ಟ ಹೆಣ್ಣುಮಕ್ಕಳಾದ ಬಸವಿಯರ ಬಗ್ಗೆ ಬರೆದ. ಗಂಡುಮಕ್ಕಳಿಲ್ಲದ ಮನೆಯವರು ಮಗಳನ್ನು ಬಸವಿ ಬಿಟ್ಟರೆ, ಆಕೆ ಮಗನಂತೆ ಆಸ್ತಿಗೂ ಉತ್ತರಕ್ರಿಯೆಗೂ ಹಕ್ಕುದಾರಳು. ಗಂಡಿನ ಹಕ್ಕು ದಕ್ಕಿತು, ತನ್ನ ಮೈಯ ಮೇಲಿನ ಹಕ್ಕು ಹೋಯಿತು. ಈ ಕೊಡುಕೊಳ್ಳುವಿಕೆಯಲ್ಲಿ ಹುಡುಗಿಯ ಒಪ್ಪಿಗೆ ಕೇಳಿದವರಿಲ್ಲ. 1982ರ ದೇವದಾಸಿ ನಿಷೇಧ ಕಾಯ್ದೆ ಮುತ್ತು ಕಟ್ಟುವುದನ್ನು, ಅಂದರೆ ಹೀಗೆ ಹುಡುಗಿಯರನ್ನು ದೇವರಿಗೆ ಬಿಡುವುದನ್ನು, ಅಪರಾಧವಾಗಿಸಿತು. 1993–94 ಮತ್ತು 2007–08ರ ಸರ್ಕಾರಿ ಸಮೀಕ್ಷೆಗಳು ರಾಜ್ಯದಲ್ಲಿ 46,660 ಮಾಜಿ ದೇವದಾಸಿಯರನ್ನು ಲೆಕ್ಕ ಹಾಕಿದವು. ಬಹುತೇಕರು ದಲಿತರು. ಆ ಪಟ್ಟಿಗಳು ಜಾತಿಯನ್ನು ಕಂಡವು, ಬಡತನವನ್ನು ಕಂಡವು. ಅಂಗವೈಕಲ್ಯದ ಪ್ರಶ್ನೆ ಬದಿಗೇ ಉಳಿಯಿತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಅಧ್ಯಯನವೊಂದು ತಾನು ಮಾತಾಡಿಸಿದ ದೇವದಾಸಿಯರಲ್ಲಿ ಶೇ 19ರಷ್ಟು, ಅಂದರೆ ಸುಮಾರು ಐವರಲ್ಲೊಬ್ಬರು, ದೈಹಿಕ ಇಲ್ಲವೇ ಮಾನಸಿಕ ವೈಕಲ್ಯ ಉಳ್ಳವರು ಎಂದು ಹೇಳಿತು. 2011ರ ಜನಗಣತಿಯಲ್ಲಿ ದೇಶದ ಜನಸಂಖ್ಯೆಯಲ್ಲಿ ಅಂಗವಿಕಲರ ಪಾಲು ಶೇ 2.21. ಎರಡು ಎಣಿಕೆಗಳ ವಿಧಾನ ಬೇರೆ, ನಿಜ. ಆದರೂ ಇಷ್ಟು ದೊಡ್ಡ ಅಂತರವನ್ನು ಆಕಸ್ಮಿಕ ಎನ್ನಲಾಗದು. ವರ ಸಿಗದು ಎಂದು ಮನೆಯವರೇ ತೀರ್ಮಾನಿಸಿದ ಹುಡುಗಿಯೇ ಮುತ್ತಿಗೆ ಮೊದಲು ಸಿಕ್ಕವಳು.

ಅಂಗವಿಕಲರ ಚಳವಳಿ ಬೇರೆ ದಾರಿಯಲ್ಲಿ ಬೆಳೆಯಿತು. ಪೋಲಿಯೊ ಪೀಡಿತರಾಗಿದ್ದ ಎನ್. ಎಸ್. ಹೇಮಾ 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರಿಗಾಗಿ ಎಪಿಡಿ ಸಂಸ್ಥೆ ಕಟ್ಟಿದರು. ಒಬ್ಬ ಹೆಣ್ಣುಮಗಳು ಮುಂದೆ ನಿಂತಿದ್ದರೂ ಮುಂದಿನ ದಶಕಗಳ ಬೇಡಿಕೆಗಳು ಶಾಲೆ, ತರಬೇತಿ, ನೌಕರಿ, ಬಸ್ ಪಾಸಿನ ಸುತ್ತಲೇ ಇದ್ದವು. 1995ರ ಅಂಗವಿಕಲರ ಕಾಯ್ದೆಯಲ್ಲಿ ಹೆಣ್ಣಿನ ಪ್ರಶ್ನೆಗೆ ಪ್ರತ್ಯೇಕ ಜಾಗವಿರಲಿಲ್ಲ. ತಿರುವು ಕೊಟ್ಟದ್ದು 2009ರ ಸುಚಿತಾ ಶ್ರೀವಾಸ್ತವ ಪ್ರಕರಣ. ಚಂಡೀಗಢದ ಸರ್ಕಾರಿ ಆಶ್ರಯದಲ್ಲಿದ್ದ, ಬೌದ್ಧಿಕ ವೈಕಲ್ಯವಿದ್ದ ಯುವತಿ ಅತ್ಯಾಚಾರದಿಂದ ಗರ್ಭಿಣಿಯಾದಾಗ ಹೈಕೋರ್ಟ್ ಗರ್ಭಪಾತಕ್ಕೆ ಆದೇಶಿಸಿತ್ತು. ಮಗು ಬೇಕೆಂಬ ಆಕೆಯ ಇಚ್ಛೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಒಪ್ಪಿಗೆಯಿಲ್ಲದೆ ಸಂತಾನಶಕ್ತಿ ಹರಣ ಮಾಡಬಾರದೆಂದಿತು, ಒಪ್ಪಿಗೆಯಿಲ್ಲದ ಗರ್ಭಪಾತಕ್ಕೆ ಶಿಕ್ಷೆ ಗೊತ್ತುಮಾಡಿತು. ಆದರೆ ತೀವ್ರ ವೈಕಲ್ಯವಿದ್ದರೆ ವೈದ್ಯರ ಅಭಿಪ್ರಾಯ, ಪಾಲಕರ ಒಪ್ಪಿಗೆ ಸಾಕು ಎಂಬ ಕಂಡಿಯನ್ನೂ ಉಳಿಸಿತು. ಮುತ್ತು ಕಟ್ಟಿಸುವವರೂ ಪಾಲಕರೇ ಆಗಿರುವ ನಾಡಿನಲ್ಲಿ ಈ ಕಂಡಿ ಸಣ್ಣದಲ್ಲ. ಅಂಗವಿಕಲರನ್ನು ಮದುವೆಯಾಗುವವರಿಗೆ ನಮ್ಮ ರಾಜ್ಯ ಕೊಡುವ 50,000 ರೂಪಾಯಿಯ ಪ್ರೋತ್ಸಾಹಧನವನ್ನೂ ಇಲ್ಲಿಟ್ಟು ನೋಡಬೇಕು. ಅದರಿಂದ ಎಷ್ಟೋ ಮನೆಗೆ ನೆರವಾಗಿರಬಹುದು. ಆದರೆ ಅಂಗವಿಕಲ ಹೆಣ್ಣನ್ನು ಒಬ್ಬರು ತಾವಾಗಿ ಬಯಸಿಯಾರು ಎಂಬ ನಂಬಿಕೆ ಆ ಯೋಜನೆಯಲ್ಲಿ ಕಾಣುವುದಿಲ್ಲ.

ಮೂರನೆಯ ಎಳೆ ಲಿಂಗತ್ವ ಅಲ್ಪಸಂಖ್ಯಾತರದು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ 2001 ಮತ್ತು 2003ರ ವರದಿಗಳು ಅವರ ಮೇಲಿನ ಪೊಲೀಸ್ ದೌರ್ಜನ್ಯವನ್ನು ದಾಖಲಿಸಿದವು, ಆದರೆ ಕಣ್ಣು ಬೆಂಗಳೂರಿನ ಮೇಲಿತ್ತು. ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು ತನ್ನ ಲಿಂಗವನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು ಮಾನ್ಯ ಮಾಡಿತು. 2019ರ ಕಾಯ್ದೆ ಅದಕ್ಕೆ ಜಿಲ್ಲಾಧಿಕಾರಿಯ ಪ್ರಮಾಣಪತ್ರ ಜೋಡಿಸಿತು. ಅದೇ 2019ರಲ್ಲಿ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ದೇವಿಯ ಚೌಡಿಕೆ, ಕೊಡ ಹೊತ್ತ ಲಿಂಗತ್ವ ಅಲ್ಪಸಂಖ್ಯಾತರೊಬ್ಬರು ಆ ಕುರ್ಚಿಯಲ್ಲಿ ಕೂತದ್ದು ಈ ಸೀಮೆಗೆ ದೊಡ್ಡ ಸಂಗತಿ. ದೇವಿಗೆ ಬಿಟ್ಟ, ಹೆಣ್ಣಿನ ನಡೆಯ ಜೋಗಪ್ಪರಿಗೆ ಸಂಪ್ರದಾಯ ಮೊದಲೇ ಗೌರವ ಕೊಟ್ಟಿತ್ತಲ್ಲ ಎನ್ನುವವರಿದ್ದಾರೆ. ಕೊಟ್ಟದ್ದು ಜೋಗದ ಅಕ್ಕಿ, ಕಾಲಿಗೆ ನಮಸ್ಕಾರ. ಮನೆ, ಆಸ್ತಿ, ಸಂಗಾತಿಯನ್ನಲ್ಲ.

ಇದಕ್ಕಿಂತ ಗಟ್ಟಿಯಾದ ಎರಡು ಆಕ್ಷೇಪಗಳಿವೆ. ಮೊದಲನೆಯದು ಹೊಟ್ಟೆಯದು: ತಿಂಗಳ ಮಾಸಾಶನವೇ ಹೊತ್ತಿಗೆ ಬಾರದಿರುವಾಗ ಲೈಂಗಿಕ ಹಕ್ಕಿನ ಮಾತು ಪಟ್ಟಣದವರದ್ದಲ್ಲವೇ? ವೈಕಲ್ಯ ಉಳ್ಳ ದೇವದಾಸಿಯರ ಆ ಶೇ 19 ಇದಕ್ಕೆ ಉತ್ತರ. ಬಡ ಅಂಗವಿಕಲ ಹುಡುಗಿಯ ಹೊಟ್ಟೆಪಾಡನ್ನು ಮನೆಯವರು ಆಕೆಯ ಲೈಂಗಿಕತೆಯ ಮೂಲಕವೇ ಬಗೆಹರಿಸಿದರು. ಅನ್ನದ ಪ್ರಶ್ನೆಯನ್ನೂ ಮೈಯ ಪ್ರಶ್ನೆಯನ್ನೂ ಬೇರೆ ಮಾಡುವ ಐಷಾರಾಮ ಆಕೆಗೆ ಸಿಗಲೇ ಇಲ್ಲ. ಎರಡನೆಯ ಆಕ್ಷೇಪ ಹೋರಾಟದ ಒಳಗಿನದು: ಲಿಂಗತ್ವ ಅಲ್ಪಸಂಖ್ಯಾತರನ್ನು ಅಂಗವಿಕಲರ ಜೊತೆ ನಿಲ್ಲಿಸಿದರೆ ಅವರ ಲಿಂಗವನ್ನೇ ರೋಗವೆಂದಂತಾಗುತ್ತದೆ. ಈ ಭಯ ನ್ಯಾಯವಾದದ್ದು, ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಜೊತೆಗೆ ನಿಲ್ಲುವುದಕ್ಕೆ ಒಂದೇ ಹೆಸರು ಬೇಕಿಲ್ಲ. ಒಬ್ಬರು ವೈದ್ಯರ ಮುಂದೆ, ಇನ್ನೊಬ್ಬರು ಜಿಲ್ಲಾಧಿಕಾರಿಯ ಮುಂದೆ ತಮ್ಮ ಮೈಗೆ ಪುರಾವೆ ಒಪ್ಪಿಸಬೇಕಾಗಿರುವುದು ಇಬ್ಬರಿಗೂ ಸಮನಾದ ಸಂಕಟ. ಕಾಲು ಊನವಾದ ಜೋಗಪ್ಪನಿಗಂತೂ ಎರಡೂ ಕಡೆ ಸಾಲು ತಪ್ಪಿದ್ದಲ್ಲ.

2021ರಲ್ಲಿ ಬಳ್ಳಾರಿಯನ್ನು ಒಡೆದು ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿ ಹೊಸ ಜಿಲ್ಲೆಗೆ ಬಂದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಒಂದೇ ದೇವಿಯ ಒಕ್ಕಲಿಗೆ ಎರಡು ಜಿಲ್ಲಾ ಕಚೇರಿ. ಆದರೂ ದಾರಿ ಮುಚ್ಚಿಲ್ಲ. ಸಂಡೂರಿನ ಅದಿರಿನಿಂದ ತುಂಬುವ ಜಿಲ್ಲಾ ಖನಿಜ ನಿಧಿಯ ನಿಯಮಗಳು ಮಹಿಳೆಯರ, ಅಂಗವಿಕಲರ ಕಲ್ಯಾಣವನ್ನು ಆದ್ಯತೆಯ ಪಟ್ಟಿಯಲ್ಲೇ ಇಟ್ಟಿವೆ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರನ್ನು ಆರಿಸುವುದೇ ಅಂಗವಿಕಲರ ನಡುವಿನಿಂದ. ಇಂದು ಅವರ ಕೈಗೆ ಕೊಟ್ಟಿರುವುದು ಗುರುತಿನ ಚೀಟಿ, ಮಾಸಾಶನದ ಅರ್ಜಿಗಳ ಕೆಲಸ. ದೇವದಾಸಿ ಕಾಯ್ದೆಯನ್ನೂ 2016ರ ಕಾಯ್ದೆಯ ಒಪ್ಪಿಗೆಯ ಕಲಮುಗಳನ್ನೂ ಅವರಿಗೆ ಕಲಿಸಿ, ಖನಿಜ ನಿಧಿಯಿಂದ ಅದಕ್ಕೆ ತಕ್ಕ ಸಂಬಳ ಕೊಟ್ಟರೆ, ಮಗಳಿಗೆ ಮುತ್ತು ಕಟ್ಟುವ ಮಾತು ಏಳುವ ಮನೆಯ ಹೊಸ್ತಿಲಿಗೆ ಅಂಥದೇ ಮೈಯ ಒಬ್ಬಳು ಹೋಗಿ ಕೂತು ಆ ಹುಡುಗಿಯನ್ನೇ ಕೇಳಬಲ್ಲಳು: ನಿನಗೇನು ಬೇಕವ್ವ?